ನೀರಿದ್ದಲ್ಲಿ ಊರು

2023ರ ಆಗಸ್ಟ್ 23, ಸಂಜೆ 6 ಗಂಟೆ 4 ನಿಮಿಷ. ವಿಕ್ರಮ್ ಚಂದ್ರನ ಮೇಲೆ ಇಳಿದಾಗ ನಾನು ಬೆಂಗಳೂರಿನ ಆಫೀಸಿನ ಕ್ಯಾಂಟೀನಿನಲ್ಲಿದ್ದೆ. ಚಪ್ಪಾಳೆ ಮುಗಿದ ಮೇಲೆ ಪಾರಿಶ್ವಾಡಕ್ಕೆ ಫೋನ್ ಹಚ್ಚಿದೆ. ಮನೆಯವರೆಲ್ಲ ಟಿವಿ ಮುಂದೆ ಕೂತಿದ್ದರು. ಅಪ್ಪ ಖುಷಿಯಿಂದ ಮಾತಾಡಿ ಫೋನನ್ನ ಅಜ್ಜನ ಕೈಗೆ ಕೊಟ್ಟ.

"ಅಲ್ಲೋ ತಮ್ಮಾ, ನಾ ಹರೇದಾಂವ ಇದ್ದಾಗನ ಅಮೆರಿಕಾದವ್ರು ಮನಶ್ಯಾರ್ನ ಕಳಿಸಿದ್ರಲ್ಲ. ಅದು ಖರೇನ ಇದ್ರ ಮತ್ತ ಯಾಕ ಹೋಗವಲ್ರು?"

"ರೊಕ್ಕ ಭಾಳ ಬೇಕಜ್ಜಾ."

"ಆವಾಗ ಎಲ್ಲಿಂದ ಬಂದಿತ್ತು?"

ಬಿಇ ಓದಿದ ಮೊಮ್ಮಗನ ಹತ್ತಿರ ಉತ್ತರ ಇರಲಿಲ್ಲ. ಹುಡುಕಲಿಕ್ಕೆ ಕೂತೆ.

ಯಾಕೆ ಹೋದರು ಅನ್ನೋದರಲ್ಲೇ ಯಾಕೆ ಬಿಟ್ಟರು ಅನ್ನೋದೂ ಇದೆ. 1961ರ ಏಪ್ರಿಲ್ 12ರಂದು ಸೋವಿಯತ್ ರಷ್ಯಾದ ಗಗಾರಿನ್ ಭೂಮಿ ಸುತ್ತಿ ಬಂದ. ಆರೇ ವಾರಕ್ಕೆ, ಮೇ 25ರಂದು, ಅಮೆರಿಕದ ಅಧ್ಯಕ್ಷ ಕೆನಡಿ ದಶಕ ಮುಗಿಯೋದರೊಳಗೆ ಚಂದ್ರನ ಮೇಲೆ ಮನುಷ್ಯನನ್ನ ಇಳಿಸುತ್ತೇವೆ ಅಂದರು. ಅದು ಪಂದ್ಯ. ಗೆಲ್ಲಲಿಕ್ಕೆ ಎಷ್ಟಾದರೂ ಸುರಿಯಬಹುದು ಅನ್ನೋ ಕಾಲ. 1966ರಲ್ಲಿ ಅಲ್ಲಿನ ಕೇಂದ್ರ ಸರ್ಕಾರದ ಖರ್ಚಿನಲ್ಲಿ ನಾಸಾದ ಪಾಲು ಶೇಕಡಾ 4ಕ್ಕಿಂತ ಹೆಚ್ಚಿತ್ತು. ಇತ್ತೀಚಿನ ವರ್ಷಗಳಲ್ಲಿ ಅದು ಅರ್ಧದಷ್ಟೂ ಇಲ್ಲ, ಶೇಕಡಾ 0.5ರ ಒಳಗೇ.

1969ರ ಜುಲೈನಲ್ಲಿ ಪಂದ್ಯ ಗೆದ್ದಾಯ್ತು. ಆರೇ ತಿಂಗಳಿಗೆ, 1970ರ ಜನವರಿಯಲ್ಲಿ, ಅಪೊಲೊ 20 ರದ್ದು. ಅದೇ ಸೆಪ್ಟೆಂಬರಿನಲ್ಲಿ ಇನ್ನೆರಡು ಯಾನಗಳು ರದ್ದು. 1972ರ ಡಿಸೆಂಬರಿನಲ್ಲಿ ಅಪೊಲೊ 17ರ ಯೂಜೀನ್ ಸರ್ನನ್ ಅಲ್ಲಿಂದ ಹೊರಟಾಗ, ಒಟ್ಟು ಹನ್ನೆರಡೇ ಜನ ಆ ನೆಲದ ಮೇಲೆ ನಡೆದಿದ್ದರು. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ, ಕ್ಲೈಂಟ್ ದುಡ್ಡು ನಿಲ್ಲಿಸಿದ, ಟೀಮ್ ಚದುರಿತು. ಸ್ಯಾಟರ್ನ್-5 ರಾಕೆಟ್ಟಿನ ನಕ್ಷೆಗಳು ಉಳಿದವು. ಅದನ್ನ ಕಟ್ಟಿದ ಕೈಗಳು, ಬಿಡಿಭಾಗ ಮಾಡಿಕೊಟ್ಟ ಕಾರ್ಖಾನೆಗಳು ಬೇರೆ ಕೆಲಸ ಹಿಡಿದವು. ಯಾರೂ ನೋಡಿಕೊಳ್ಳದ ಹಳೇ ಕೋಡ್ ಮತ್ತೆ ಓಡಿಸೋ ಕಷ್ಟ ನಿಮಗೂ ಗೊತ್ತಿರಬೇಕು.

ಮತ್ತೆ ಹೋಗೋ ಮಾತು ಮಾತ್ರ ನಿಲ್ಲಲಿಲ್ಲ. 1989ರ ಜುಲೈ 20ರಂದು ಹಿರಿಯ ಬುಷ್ ಚಂದ್ರನಿಗೆ ಮರಳುತ್ತೇವೆ ಅಂದರು. ಖರ್ಚಿನ ಅಂದಾಜು 50,000 ಕೋಟಿ ಡಾಲರಿನಷ್ಟು ಬಂತು, ಅಲ್ಲಿನ ಸಂಸತ್ತು ಒಪ್ಪಲಿಲ್ಲ. 2004ರಲ್ಲಿ ಕಿರಿಯ ಬುಷ್ 2020ರೊಳಗೆ ಅಂದರು. 2010ರಲ್ಲಿ ಒಬಾಮಾ ಸರ್ಕಾರ ಆ ಯೋಜನೆ ಕೈಬಿಟ್ಟಿತು. 2017ರಲ್ಲಿ ಟ್ರಂಪ್ ಮತ್ತೆ ಸಹಿ ಹಾಕಿದರು. ಅದಕ್ಕೆ ಆರ್ಟೆಮಿಸ್ ಅಂತ ಹೆಸರಾಯ್ತು, 2024 ಅಂತ ಗಡುವೂ ಆಯ್ತು. ಆ ಗಡುವೂ ದಾಟಿತು.

ಆದರೆ ಈ ಸಲ ಒಂದು ವ್ಯತ್ಯಾಸ ಇದೆ. ಅದರ ಎಳೆ ನಮ್ಮ ಬೆಂಗಳೂರಿಗೆ ಬಂದು ಮುಟ್ಟುತ್ತದೆ.

ಬೆಳಗಾವಿ ಬಸ್ಸು ಹತ್ತಿದರೆ ತುಮಕೂರು ರಸ್ತೆಯಲ್ಲಿ ಪೀಣ್ಯ ದಾಟಬೇಕಲ್ಲ. ಉಡುಪಿ ಕಡೆಯ ಅದಮಾರಿನ ಯು.ಆರ್. ರಾವ್ ಮತ್ತವರ ತಂಡ 1975ರಲ್ಲಿ ಹಾರಿದ ಆರ್ಯಭಟವನ್ನ ಕಟ್ಟಿದ್ದು ಇದೇ ಪೀಣ್ಯದ ಶೆಡ್ಡುಗಳಲ್ಲಿ. ಇವತ್ತು ಇಸ್ರೋದ ಉಪಗ್ರಹಗಳನ್ನ ನಿಯಂತ್ರಿಸೋ ಕೇಂದ್ರ ಇರೋದೂ ಇಲ್ಲೇ. 2008ರ ಅಕ್ಟೋಬರ್ 22ರಂದು ಚಂದ್ರಯಾನ-1 ಹಾರಿದಾಗ, ಬೆಂಗಳೂರಿನ ಹೊರಗಿನ ಬ್ಯಾಲಾಳು ಅನ್ನೋ ಹಳ್ಳಿಯಲ್ಲಿ ನಿಂತ 32 ಮೀಟರ್ ಅಗಲದ ಆಂಟೆನಾ ಅದರ ಮಾತು ಕೇಳಿಸಿಕೊಳ್ಳುತ್ತಿತ್ತು. ಆ ನೌಕೆಯಲ್ಲಿ ನಾಸಾದ್ದೂ ಒಂದು ಉಪಕರಣ ಇತ್ತು. ಚಂದ್ರನ ಮಣ್ಣಿನಲ್ಲಿ ನೀರಿನ ಗುರುತು ಇದೆ ಅಂತ ಅದು ತೋರಿಸಿದ್ದನ್ನ 2009ರ ಸೆಪ್ಟೆಂಬರಿನಲ್ಲಿ ಜಗತ್ತಿಗೆ ತಿಳಿಸಿದರು. ಬಿಸಿಲೇ ಬೀಳದ ಧ್ರುವದ ಗುಂಡಿಗಳಲ್ಲಿ ಮಂಜುಗಡ್ಡೆ ಇದೆ ಅನ್ನೋದಕ್ಕೂ ಮುಂದೆ ಪುರಾವೆ ಗಟ್ಟಿಯಾಗುತ್ತ ಹೋಯಿತು.

ನೀರಿದ್ದರೆ ಕುಡಿಯಬಹುದು. ಒಡೆದರೆ ಉಸಿರಾಡಲಿಕ್ಕೆ ಆಮ್ಲಜನಕ, ರಾಕೆಟ್ಟಿಗೆ ಜಲಜನಕ. ಅದಕ್ಕೇ ಆರ್ಟೆಮಿಸ್ ದಕ್ಷಿಣ ಧ್ರುವದ ಕಡೆ ಕಣ್ಣಿಟ್ಟಿತು. ಅಪೊಲೊಗೆ ಮುಟ್ಟಿ ಬಂದರೆ ಸಾಕಿತ್ತು. ಈಗಿನವರ ಲೆಕ್ಕ ಅಲ್ಲಿ ಉಳಿಯೋದು. 2023ರ ಜೂನ್‌ನಲ್ಲಿ ಭಾರತವೂ ಆರ್ಟೆಮಿಸ್ ಒಪ್ಪಂದಕ್ಕೆ ಸಹಿ ಹಾಕಿತು. ಅದೇ ಅಕ್ಟೋಬರಿನಲ್ಲಿ 2040ರೊಳಗೆ ಚಂದ್ರನಿಗೆ ಭಾರತೀಯರನ್ನ ಕಳಿಸೋ ಗುರಿಯೂ ಘೋಷಣೆಯಾಯ್ತು. ಗಗನಯಾನವನ್ನೇ ಮೊದಲು 2022ರೊಳಗೆ ಅಂದಿದ್ದರು. ಗಡುವು ಜಾರೋದರಲ್ಲಿ ನಾವೂ ಹಿಂದೆ ಬಿದ್ದಿಲ್ಲ.

ಜಾರೋ ಗಡುವುಗಳ ಬಗ್ಗೆ ನಗೋ ಹಕ್ಕು ನನಗಂತೂ ಇಲ್ಲ. ನಾನು ಊರು ಬಿಟ್ಟದ್ದೂ ಪಂದ್ಯಕ್ಕೇ: ಸೀಟು, ಕ್ಯಾಂಪಸ್, ಕೆಲಸ. ಮೊದಲು ಎರಡು ವರ್ಷ ದುಡಿದು ಬರ್ತೀನಿ ಅಂದೆ. ಆಮೇಲೆ ಫ್ಲ್ಯಾಟಿನ ಸಾಲ ತೀರಲಿ ಅಂದೆ. ಕೊರೊನಾದಲ್ಲಿ ಎಂಟು ತಿಂಗಳು ಊರಿಂದಲೇ ಕೆಲಸ ಮಾಡಿ, ಇನ್ನು ಇಲ್ಲೇ ಅಂತ ಎಲ್ಲರ ಮುಂದೆ ಹೇಳಿಯೂ ಆಯ್ತು. ಆಫೀಸು ತೆರೆದ ವಾರವೇ ಬಸ್ಸು ಹತ್ತಿದೆ. ಅವ್ವ ಈಗ ಯಾವಾಗ ಬರ್ತಿ ಅಂತ ಕೇಳೋದಿಲ್ಲ, ಎಷ್ಟು ದಿನ ಇರ್ತಿ ಅಂತ ಕೇಳ್ತಾಳೆ.

ಆ ದೀಪಾವಳಿಗೆ ಊರಿಗೆ ಹೋದಾಗ ಕಟ್ಟೆ ಮೇಲೆ ಕೂತು ಅಜ್ಜನಿಗೆ ಇದನ್ನೆಲ್ಲ ಹೇಳಿದೆ. ಪಂದ್ಯ, ರೊಕ್ಕ, ಮೂರು ಅಧ್ಯಕ್ಷರ ಮಾತು. ಅಜ್ಜ ಅಡಿಕೆ ಕತ್ತರಿಸುತ್ತ ಸುಮ್ಮನೆ ಕೇಳಿದ. ನೀರಿನ ವಿಷಯ ಬಂದಾಗ ಕತ್ತರಿ ನಿಲ್ಲಿಸಿದ.

"ನೀರ ಐತ್ಯಂದ್ರ ಹೊಕ್ಕಾರ ಬಿಡು. ನೀರ ಇದ್ದಲ್ಲೆ ಮಂದಿ ನಿಲ್ತಾರ."

ಸ್ವಲ್ಪ ಹೊತ್ತು ಬಿಟ್ಟು ಅಂದ, "ನಮ್ಮ ಬಾವ್ಯಾಗೂ ನೀರ ಐತಿ ತಮ್ಮಾ."

ನನ್ನ ವಾಪಸ್ ಟಿಕೆಟ್ ಮರುದಿನ ರಾತ್ರಿಗಿತ್ತು.