ಮೂರು ಶಿಶು, ಎಷ್ಟು ಮಾಸು?

ಹೆರಿಗೆಯ ನಂತರ ಮಾಸನ್ನು ಹೂಳುವುದೋ ಎಸೆಯುವುದೋ ವಾಡಿಕೆ. ಜರ್ಮನಿಯ ರೋಸ್ಟಾಕ್‌ನ ಪ್ರಸೂತಿತಜ್ಞ ಫ್ರೀಡ್ರಿಶ್ ಶಾಟ್ಸ್ ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಅದನ್ನೇ ಅಧ್ಯಯನಕ್ಕೆ ತೆಗೆದುಕೊಂಡ. ಒಂದೇ ಮಾಸಿನ ಅವಳಿಗಳ ರಕ್ತನಾಳಗಳು ಒಳಗೇ ಕೂಡಿಕೊಂಡಿರುತ್ತವೆ, ಒಂದು ಶಿಶುವಿನ ರಕ್ತ ಇನ್ನೊಂದಕ್ಕೆ ಹರಿಯುತ್ತದೆ ಎಂದು ತೋರಿಸಿ, ಅದನ್ನು ‘ಮೂರನೆಯ ಪರಿಚಲನೆ’ ಎಂದು ಕರೆದ. ತ್ರಿವಳಿ ಗರ್ಭದ ಅಪಾಯವನ್ನು ಇಂದು ಅಳೆಯುವ ಬಗೆಗೆ ಬುನಾದಿ ಇದೇ.

ತ್ರಿವಳಿಗಳಲ್ಲಿ ಮೂರು ಬಗೆ. ಮೂವರಿಗೂ ಬೇರೆ ಬೇರೆ ಮಾಸು. ಇಬ್ಬರಿಗೆ ಒಂದು, ಮೂರನೆಯದಕ್ಕೆ ತನ್ನದೇ ಒಂದು. ಇಲ್ಲವೇ ಮೂವರಿಗೂ ಒಂದೇ. ಬರಿಗಣ್ಣಿಗೆ ಇದು ತಿಳಿಯುವುದು ಕಷ್ಟ, ಏಕೆಂದರೆ ಅಕ್ಕಪಕ್ಕ ಬೆಳೆದ ಎರಡು ಮಾಸುಗಳು ಬೆಸೆದುಕೊಂಡು ಒಂದೇ ಆಗಿ ಕಾಣುತ್ತವೆ. ನಡುವಿನ ಪೊರೆಯಲ್ಲಿ ಕೋರಿಯಾನ್ ಎಂಬ ಹೊರಪದರ ಇದೆಯೇ ಎಂಬುದೇ ನಿಜವಾದ ಸಾಕ್ಷ್ಯ; ಇದ್ದರೆ ಮಾಸು ಬೇರೆ ಬೇರೆ. ಒಂದೇ ಅಂಡದಿಂದ ಹುಟ್ಟಿದವರಿಗೆ ಮಾಸೂ ಒಂದೇ ಇರಬೇಕೆಂಬ ನಂಬಿಕೆಯೂ ತಪ್ಪು. ಅಂಡ ಮೊದಲ ಮೂರು ದಿನಗಳೊಳಗೆ ಒಡೆದರೆ ತದ್ರೂಪಿಗಳಿಗೂ ಪ್ರತ್ಯೇಕ ಮಾಸು ಬೆಳೆಯುತ್ತದೆ.

ಈ ಓದು ಹೆರಿಗೆಗೆ ಮೊದಲೇ ಸಾಧ್ಯವಾದದ್ದು ಅಲ್ಟ್ರಾಸೌಂಡ್‌ನಿಂದ. ಪೊರೆ ಮಾಸನ್ನು ಸೇರುವೆಡೆ ಗ್ರೀಕ್ ಲ್ಯಾಂಬ್ಡಾ ಅಕ್ಷರದಂತೆ ಕಾಣುವ ಗುರುತನ್ನು 1981ರಲ್ಲಿ ಫ್ರಾನ್ಸಿನ ಬೆಸ್ಸಿಸ್ ಮತ್ತು ಪಾಪಿಯೆರ್ನಿಕ್ ವರ್ಣಿಸಿದರು. ತ್ರಿವಳಿಗಳಲ್ಲಿ ಪೊರೆಗಳು ಸಂಧಿಸುವ ‘ಇಪ್ಸಿಲಾನ್ ವಲಯ’ವನ್ನು ನೋಡಿ ಮಾಸಿನ ಬಗೆ ಹೇಳಬಹುದೆಂದು 1996ರಲ್ಲಿ ಸೆಪುಲ್ವೆಡಾ ಮತ್ತು ಸಂಗಡಿಗರು ತೋರಿಸಿದರು. ಅಗತ್ಯಕ್ಕೆ ತಕ್ಕ ಸಮಯವೇ ಅದು: ಸಂತಾನ ಚಿಕಿತ್ಸೆಗಳು ಹೆಚ್ಚಿದಂತೆ ಅಮೆರಿಕದಲ್ಲಿ ತ್ರಿವಳಿ ಹಾಗೂ ಅದಕ್ಕೂ ಹೆಚ್ಚಿನ ಜನನಗಳು ಲಕ್ಷಕ್ಕೆ 37ರಿಂದ (1980) 193.5ಕ್ಕೆ (1998) ಏರಿದ್ದವು.

ಮಾಸು ಹಂಚಿಕೊಂಡ ಜೋಡಿಯಲ್ಲಿ ರಕ್ತದ ಹರಿವು ಒಂದು ಕಡೆಗೆ ವಾಲಿದರೆ ಕೊಡುವ ಶಿಶು ಸೊರಗುತ್ತದೆ. ಪಡೆಯುವ ಶಿಶುವಿನ ಹೃದಯಕ್ಕೆ ಭಾರ, ಅದರ ಸುತ್ತ ಗರ್ಭನೀರೂ ವಿಪರೀತ. ಈ ಜಗಳದಲ್ಲಿ ಪಾಲಿಲ್ಲದ ಮೂರನೆಯ ಶಿಶುವೂ ಪಾರಾಗುವುದಿಲ್ಲ. ನೀರಿನ ಒತ್ತಡಕ್ಕೆ ಅವಧಿಗೆ ಮುನ್ನವೇ ನೋವು ಶುರುವಾದರೆ ಅದೂ ಹೊರಬರಲೇಬೇಕು. ಮೂರೂ ಪ್ರತ್ಯೇಕವಾಗಿರುವ ಗರ್ಭಕ್ಕೆ ಹೋಲಿಸಿದರೆ ಮಾಸು ಹಂಚಿಕೊಂಡ ಗರ್ಭದಲ್ಲಿ ಸಾವುನೋವು ಹೆಚ್ಚೆಂದು ಅಧ್ಯಯನಗಳು ಹೇಳುವುದಕ್ಕೆ ಕಾರಣ ಇಲ್ಲಿದೆ.

ಹೀಗೆ ರಕ್ತ ಸಾಗಿಸುವ ಕೂಡುನಾಳಗಳನ್ನು ಲೇಸರ್‌ನಿಂದ ಮುಚ್ಚುವ ವಿಧಾನವನ್ನು ಅಮೆರಿಕದ ಜೂಲಿಯನ್ ಡಿ ಲಿಯಾ 1990ರಲ್ಲಿ ವರದಿ ಮಾಡಿದರು. 2004ರ ಯೂರೋಫೀಟಸ್ ಪರೀಕ್ಷೆಯಲ್ಲಿ, ಕನಿಷ್ಠ ಒಂದು ಶಿಶು 28 ದಿನ ಬದುಕುಳಿದ ಪ್ರಮಾಣ ಲೇಸರ್ ಪಡೆದವರಲ್ಲಿ ಶೇ. 76, ಗರ್ಭನೀರು ಮಾತ್ರ ಹೊರತೆಗೆಸಿಕೊಂಡವರಲ್ಲಿ ಶೇ. 56. ಅದು ಅವಳಿಗಳ ಲೆಕ್ಕ. ತ್ರಿವಳಿಗಳಲ್ಲಿ ಅದೇ ಕೆಲಸ ಇನ್ನಷ್ಟು ಇಕ್ಕಟ್ಟಿನದು.

ಭ್ರೂಣಗಳ ಸಂಖ್ಯೆ ಇಳಿಸುವ ನಿರ್ಧಾರವನ್ನೂ ಮಾಸೇ ಆಳುತ್ತದೆ. ಸಾಮಾನ್ಯವಾಗಿ ಬಳಸುವ ಪೊಟ್ಯಾಸಿಯಂ ಕ್ಲೋರೈಡ್ ಚುಚ್ಚುಮದ್ದನ್ನು ಮಾಸು ಹಂಚಿಕೊಂಡ ಜೋಡಿಯಲ್ಲಿ ಒಂದಕ್ಕೆ ಮಾತ್ರ ಕೊಡುವಂತಿಲ್ಲ. ಕೂಡುನಾಳಗಳ ಮೂಲಕ ಅದು ಇನ್ನೊಂದನ್ನೂ ಮುಟ್ಟುತ್ತದೆ. ಹೆರಿಗೆಯ ದಿನಕ್ಕೂ ಇದೇ ಮಾತು. ತೊಡಕಿಲ್ಲದ, ಎರಡು ಅಥವಾ ಮೂರು ಮಾಸುಗಳ ತ್ರಿವಳಿ ಗರ್ಭಕ್ಕೆ ಬ್ರಿಟನ್ನಿನ ನೈಸ್ ಸಂಸ್ಥೆಯ 2019ರ ಮಾರ್ಗಸೂಚಿ 35 ವಾರಗಳನ್ನು ಸೂಚಿಸಿದೆ. ಮೂವರಿಗೂ ಒಂದೇ ಮಾಸಿದ್ದರೆ ಅದು ವಾರದ ಲೆಕ್ಕ ಹೇಳುವುದಿಲ್ಲ, ಒಬ್ಬೊಬ್ಬ ತಾಯಿಯನ್ನೂ ಬೇರೆಯಾಗಿಯೇ ಪರಿಶೀಲಿಸಿ ನಿರ್ಧರಿಸಲು ಹೇಳುತ್ತದೆ.