ಏರಬಾರದೆಂದೇ ಕಟ್ಟಿದ ದಾರಿ

ಹೊಯ್ಸಳ ವೀರಬಲ್ಲಾಳನಿಗೆ ಬಿರುದುಗಳ ಬರವಿರಲಿಲ್ಲ. ಅವುಗಳಲ್ಲಿ ‘ಗಿರಿದುರ್ಗಮಲ್ಲ’ ಎಂಬುದು ಅವನಿಗೆ ದಕ್ಕಿದ್ದು ಉಚ್ಚಂಗಿದುರ್ಗದಿಂದ. 1177ರ ಸುಮಾರಿಗೆ ಅವನು ಈ ಬೆಟ್ಟದ ಕೋಟೆಯನ್ನು ಉಚ್ಚಂಗಿಯ ಪಾಂಡ್ಯರಿಂದ ಗೆದ್ದುಕೊಂಡ. ಇವರು ಮಧುರೆಯ ಪಾಂಡ್ಯರಲ್ಲ. ಚಾಲುಕ್ಯರ ಕೈಕೆಳಗೆ ನೊಳಂಬವಾಡಿಯನ್ನು ಆಳುತ್ತಿದ್ದ ನಮ್ಮ ನಾಡಿನವರೇ. ಚೋಳರು ಹನ್ನೆರಡು ವರ್ಷ ಮುತ್ತಿಗೆ ಹಾಕಿ, ಆಗದೆಂದು ಬಿಟ್ಟುಹೋದ ಕೋಟೆಯನ್ನು ಬಲ್ಲಾಳ ಲೀಲಾಜಾಲವಾಗಿ ಹಿಡಿದನೆಂದು ಹೊಯ್ಸಳ ಶಾಸನ ಹೇಳುತ್ತದೆ. ಶಾಸನ ಬರೆದ ಕವಿ ವರ್ಷಗಳ ಲೆಕ್ಕವನ್ನು ತುಸು ಹಿಗ್ಗಿಸಿದ್ದರೂ ಆಶ್ಚರ್ಯವಿಲ್ಲ. ಗೆದ್ದವರ ಶಾಸನದಲ್ಲಿ ಸೋತವರ ಕೋಟೆ ಯಾವಾಗಲೂ ಅಭೇದ್ಯವೇ.

ಅದೇ ಬೆಟ್ಟವನ್ನು ಈಗ ಭರತ ಹುಣ್ಣಿಮೆಯ ದಿನ ಎಪ್ಪತ್ತು ದಾಟಿದ ಮುದುಕಿಯರು ಪಡ್ಡಲಗಿ (ನೈವೇದ್ಯದ ಬುಟ್ಟಿ) ಹಿಡಿದು, ಬರಿಗಾಲಲ್ಲಿ, ‘ಉಧೋ ಉಧೋ’ ಎನ್ನುತ್ತ ಏರುತ್ತಾರೆ. ಸೊಂಟದ ಮೇಲೆ ಮೊಮ್ಮಕ್ಕಳನ್ನು ಕೂರಿಸಿಕೊಂಡವರೂ ಇರುತ್ತಾರೆ.

ಹರಪನಹಳ್ಳಿ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಸೀಮೆಗೆ ಬಂದವರು ‘ಇಲ್ಲಿ ಸುಲಭವಾಗಿ ಏರುವಂಥ ಬೆಟ್ಟ ಯಾವುದಿದೆ’ ಎಂದು ಕೇಳಿದರೆ ಊರವರು ತೋರಿಸುವುದು ಇಂಥ ದುರ್ಗಗಳನ್ನೇ. ಪ್ರವಾಸಿಗರಿಗಾಗಿ ಯಾರೂ ಇಲ್ಲಿ ಕಾಲುದಾರಿ ಕಡಿಯಲಿಲ್ಲ. ದಾರಿ ಮಾಡಿದವರು ಕೋಟೆ ಕಟ್ಟಿದವರು, ಅದೂ ಯಾರೂ ಏರಬಾರದೆಂಬ ಲೆಕ್ಕಾಚಾರದಲ್ಲಿ. ಅದನ್ನು ತುಳಿದು ತುಳಿದು ಸಲೀಸು ಮಾಡಿದವರು ಭಕ್ತರು. ಇವೆರಡೂ ಮುಗಿದ ಮೇಲೆ ಬಂದವನು ಬೆನ್ನಚೀಲದ ಚಾರಣಿಗ.

ಕೋಟೆಯ ದಾರಿಯನ್ನು ಹತ್ತಿರದಿಂದ ನೋಡಿದರೆ ಈ ಲೆಕ್ಕಾಚಾರ ಕಣ್ಣಿಗೆ ಕಟ್ಟುತ್ತದೆ. ಅದು ನೆಟ್ಟಗೆ ಹೋಗುವುದೇ ಇಲ್ಲ. ಬಾಗಿಲು ಕಾಣುವುದು ತೀರ ಹತ್ತಿರ ಬಂದ ಮೇಲೆ, ಅದೂ ಒಂದು ಅಡ್ಡ ತಿರುವಿನಾಚೆ. ಆನೆಯನ್ನು ನುಗ್ಗಿಸಲು, ದಿಮ್ಮಿ ಹಿಡಿದು ಓಡಿಬಂದು ಕದಕ್ಕೆ ಗುದ್ದಲು ಎದುರಾಳಿಗೆ ಜಾಗ ಸಿಗಬಾರದು. ತಿರುವಿನಲ್ಲಿ ನಿಂತವನ ಪಕ್ಕೆ ಮೇಲಿನ ಕೊತ್ತಳದವನ ಕಲ್ಲಿಗೆ, ಕೋವಿಗೆ ತೆರೆದೇ ಇರಬೇಕು. ಮೆಟ್ಟಿಲುಗಳೂ ಒಂದರಂತೆ ಒಂದಿಲ್ಲ. ಕೆಲವು ಗೇಣೆತ್ತರ, ಕೆಲವು ಮೊಣಕಾಲೆತ್ತರ. ಬಂಡೆಯನ್ನೇ ಕಡಿದು ಮಾಡಿದ ಮೆಟ್ಟಿಲಿನಲ್ಲಿ ಉಳಿಯ ಏಟುಗಳು ಓರೆ ಗೆರೆಗಳಾಗಿ ಉಳಿದಿರುತ್ತವೆ. ಜನ ಕಾಲಿಡುವ ನಡುಭಾಗ ಮಾತ್ರ ನುಣುಪಾಗಿ, ಮಳೆ ಬಿದ್ದರೆ ಜಾರುವಂತಿರುತ್ತದೆ. ಪಕ್ಕದ ಬಂಡೆಯ ಅಂಚಿನಲ್ಲಿ ಸಾಲಾಗಿ ಚೌಕನೆಯ ಕುಳಿಗಳು ಕಂಡರೆ, ಅಲ್ಲಿ ಬೆಣೆ ಹೊಡೆದು ಕಲ್ಲು ಸೀಳಿ ಗೋಡೆಗೆ ಒಯ್ದಿದ್ದಾರೆ ಎಂದರ್ಥ. ಕುಳಿಗಳಿದ್ದೂ ಬಂಡೆ ಸೀಳದೆ ಉಳಿದಿದ್ದರೆ ಅಲ್ಲಿ ಒಡ್ಡರ ಕೆಲಸ ಅರ್ಧಕ್ಕೇ ನಿಂತಿದೆ.

ಶತ್ರುವಿಗೆ ಏದುಸಿರು ಬರಿಸಲು ಮಾಡಿದ ತಿರುವುಗಳಲ್ಲೇ ಇಂದಿನವರು ಕೂತು ನೀರು ಕುಡಿಯುವುದು. ಎರಡು ಬಾಗಿಲುಗಳ ನಡುವಿನ ದಣಿವು ಎಂಟು ಶತಮಾನದಲ್ಲೇನೂ ಕಡಿಮೆಯಾಗಿಲ್ಲ.

ಉಚ್ಚಂಗಿ ಬಲ್ಲಾಳನಿಗಿಂತ ಬಹಳ ಹಿಂದಿನದು. ಕದಂಬರ ಶಾಸನಗಳಲ್ಲಿ ಬನವಾಸಿ, ಹಲಸಿಗಳ ಜೊತೆ ಬರುವ ‘ಉಚ್ಚಶೃಂಗಿ’ ಇದೇ. ಹತ್ತನೆಯ ಶತಮಾನದಲ್ಲಿ ನೊಳಂಬರ ಕೈಯಲ್ಲಿದ್ದಾಗ ಗಂಗ ಮಾರಸಿಂಹ ಇದರ ಮೇಲೆ ಏರಿಹೋದ. ನೊಳಂಬ ಕುಲಾಂತಕನೆಂದು ಕರೆಸಿಕೊಂಡವನು ಅವನೇ. ಗಂಗರ ದಂಡನಾಯಕ ಚಾವುಂಡರಾಯನೂ ಉಚ್ಚಂಗಿಯ ಕೋಟೆಯಲ್ಲಿ ರಾಜಾದಿತ್ಯನೊಂದಿಗೆ ಕಾದಿ ‘ರಣರಂಗಸಿಂಗ’ ಎಂಬ ಬಿರುದು ಪಡೆದ. ಮುಂದೆ ಶ್ರವಣಬೆಳಗೊಳದ ವಿಂಧ್ಯಗಿರಿಯ ಮೇಲೆ ಗೊಮ್ಮಟನನ್ನು ನಿಲ್ಲಿಸಿದವನೂ ಈತನೇ. ಕರ್ನಾಟಕದಲ್ಲಿ ಅತಿ ಹೆಚ್ಚು ಜನ ಬರಿಗಾಲಲ್ಲಿ ಏರುವ ಬೆಟ್ಟಗಳಲ್ಲಿ ವಿಂಧ್ಯಗಿರಿಯೂ ಒಂದು. ಬಂಡೆಯಲ್ಲೇ ಕಡಿದ ಆರುನೂರಕ್ಕೂ ಹೆಚ್ಚು ಮೆಟ್ಟಿಲು ಅದಕ್ಕಿವೆ. ಒಂದು ಬೆಟ್ಟವನ್ನು ಕತ್ತಿ ಹಿಡಿದು ಏರಿದವನು ಇನ್ನೊಂದು ಬೆಟ್ಟಕ್ಕೆ ಊರೆಲ್ಲ ಬರುವಂತೆ ಮಾಡಿದ.

ದೊರೆಗಳು ಹೋದರೂ ಉಚ್ಚಂಗಿಗೆ ಜನ ಏರುವುದು ನಿಲ್ಲದಿರಲು ಕಾರಣ ಮೇಲಿರುವ ಉಚ್ಚಂಗೆಮ್ಮ, ದೇವಸ್ಥಾನದ ಕಾಗದಪತ್ರಗಳಲ್ಲಿ ಉತ್ಸವಾಂಬೆ. ಹಾಲಮ್ಮನ ತೋಪಿನಲ್ಲಿ ಬಂಡಿ ಬಿಟ್ಟು (ಈಗ ಟ್ರ್ಯಾಕ್ಟರ್, ಟಾಟಾ ಏಸ್), ಒಲೆ ಹೂಡಿ, ಪಡ್ಡಲಗಿ ತುಂಬಿಸಿ, ಬಳಿಕ ಬೆಟ್ಟ ಏರುವುದು ವಾಡಿಕೆ. ತೆಲಿಗಿ, ಅರಸೀಕೆರೆ ಕಡೆಯ ಮನೆಗಳಲ್ಲಿ ಎಷ್ಟೋ ಮಂದಿಗೆ ಜೀವನದ ಮೊದಲ ಬೆಟ್ಟ ಇದೇ, ಅದೂ ತಾಯಿಯ ಕಂಕುಳಲ್ಲಿ. ಅದೇ ಮಾಘದ ಹುಣ್ಣಿಮೆಯ ಆಸುಪಾಸಿನಲ್ಲೇ ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಜಾತ್ರೆ ಕೂಡಿ, ಗೊರವಪ್ಪ ಬಿಲ್ಲೇರಿ ಕಾರ್ಣಿಕ ನುಡಿಯುವುದರಿಂದ ಈ ಸೀಮೆಯ ರಸ್ತೆಗಳಲ್ಲಿ ಆ ವಾರ ಕಾಲಿಡಲು ಜಾಗವಿರುವುದಿಲ್ಲ.

ಈ ಬೆಟ್ಟದ ಕಥೆಯಲ್ಲಿ ಮುಚ್ಚಿಡಬಾರದ ಇನ್ನೊಂದು ಪುಟವೂ ಇದೆ. ಭರತ ಹುಣ್ಣಿಮೆಯಂದು ಬಡ ದಲಿತ ಮನೆಗಳ ಹೆಣ್ಣುಮಕ್ಕಳನ್ನು ಮುತ್ತು ಕಟ್ಟಿಸಿ ದೇವದಾಸಿಯಾಗಿಸಲು ಕರೆತರುತ್ತಿದ್ದುದು ಇದೇ ಮೆಟ್ಟಿಲುಗಳ ಮೇಲೆ. 1982ರಲ್ಲಿ ಕರ್ನಾಟಕ ದೇವದಾಸಿ ಸಮರ್ಪಣೆಯನ್ನು ನಿಷೇಧಿಸಿ ಕಾಯ್ದೆ ಮಾಡಿತು. ಆಮೇಲೂ ಕದ್ದುಮುಚ್ಚಿ ನಡೆಯುತ್ತಿದ್ದುದರಿಂದಲೇ ಹುಣ್ಣಿಮೆಗೆ ಪೊಲೀಸರು, ಅಧಿಕಾರಿಗಳು, ಮಾಜಿ ದೇವದಾಸಿಯರ ಸಂಘಟನೆಯವರು ಬೆಟ್ಟದ ಬುಡದಲ್ಲಿ ಕಾವಲು ನಿಲ್ಲಬೇಕಾಯಿತು. ಕೋಟೆ ಬಿದ್ದ ಎಷ್ಟೋ ಕಾಲದ ಮೇಲೆ ಬೆಟ್ಟಕ್ಕೆ ಮತ್ತೆ ಕಾವಲು ಬಂದದ್ದು ಹೀಗೆ. ಎರಡರಲ್ಲಿ ಈ ಕಾವಲೇ ಹೆಚ್ಚು ನ್ಯಾಯದ್ದು.

ವಿಜಯನಗರ 1565ರಲ್ಲಿ ಬಿದ್ದ ಮೇಲೆ ಈ ಸೀಮೆಯಲ್ಲಿ ಗುಡ್ಡಕ್ಕೊಬ್ಬ ಪಾಳೆಗಾರ ಎದ್ದ. ಹರಪನಹಳ್ಳಿಯವರು ದೊಡ್ಡವರು. ಅವರ ಸೋಮಶೇಖರ ನಾಯಕನ ಕಾಲದಲ್ಲಿ, 1748ರ ಸುಮಾರಿಗೆ, ಮಾಯಕೊಂಡದ ಕಾಳಗದಲ್ಲಿ ಚಿತ್ರದುರ್ಗದ ಮದಕರಿನಾಯಕನೇ ಮಡಿದ. ಕೂಡ್ಲಿಗಿ ಕಡೆ ಜರಿಮಲೆ, ಗುಡೇಕೋಟೆಗಳಲ್ಲಿ ಸಣ್ಣ ಪಾಳೆಯಪಟ್ಟುಗಳಿದ್ದವು. ಅವರಿಗೆ ಹೊಸದಾಗಿ ಬೆಟ್ಟ ಹುಡುಕುವ ಕಷ್ಟವಿರಲಿಲ್ಲ. ಹಂಪಿಯ ಕಡೆಯಿಂದ ತೆಂಕಣಕ್ಕೆ ರಾಮನಗರದವರೆಗೂ ಹಬ್ಬಿರುವ, ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್ ಪಟ್ಟಿ ಇಲ್ಲಿ ಹಾದುಹೋಗುತ್ತದೆ. ಗುಂಡುಗಳು ಒಂದರ ಮೇಲೊಂದು ಕೂತು ಅರ್ಧ ಕೋಟೆಯನ್ನು ತಾವೇ ಕಟ್ಟಿಕೊಟ್ಟಿರುತ್ತವೆ. ಎರಡು ಗುಂಡುಗಳ ನಡುವಿನ ಸಂದಿಗೆ ಗೋಡೆ ಹಾಕಿದರೆ ಕೆಲಸ ಮುಗಿಯಿತು. ಮಳೆನೀರು ನಿಲ್ಲುವ ದೊಣೆಯ ಬಾಯಿಗೆ ಅಡ್ಡ ಕಟ್ಟೆ ಹಾಕಿದರೆ ಬೇಸಿಗೆಯ ನೀರೂ ಆಯಿತು.

ಒನಕೆ ಓಬವ್ವನ ತವರು ಗುಡೇಕೋಟೆ ಎಂದು ಊರವರು ನಂಬುತ್ತಾರೆ. ಚಿತ್ರದುರ್ಗದ ಕಿಂಡಿಯಲ್ಲಿ ಹೈದರನ ಸಿಪಾಯಿಗಳನ್ನು ಒನಕೆಯಿಂದ ಬಡಿದವಳು ಹುಟ್ಟಿ ಬೆಳೆದದ್ದು ಇಂಥದೇ ಗುಂಡುಗಳ ನಡುವೆ ಎಂಬುದು ಅವರಿಗೆ ಹೆಮ್ಮೆ. ಗುಡೇಕೋಟೆಯ ಸಂದಿಗಳಲ್ಲಿ ತಲೆ ಬಗ್ಗಿಸಿ ನುಗ್ಗಿ ಬಂದವರಿಗೆ, ಒಬ್ಬಳೇ ನಿಂತು ಒಂದು ಕಿಂಡಿ ಕಾಯಬಹುದೆಂಬ ಮಾತು ಕಟ್ಟುಕಥೆಯಂತೆ ಕೇಳುವುದಿಲ್ಲ.

ಪಾಳೆಗಾರರ ಕಾಲ ಮುಗಿದದ್ದು 1800ರಲ್ಲಿ. ಟಿಪ್ಪು ಮಡಿದ ಮರುವರ್ಷ ನಿಜಾಮ ಈ ಸೀಮೆಯನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟ. ಕಲೆಕ್ಟರಾಗಿ ಬಂದ ಥಾಮಸ್ ಮನ್ರೊ ಏಳು ವರ್ಷಗಳಲ್ಲಿ ಸುಮಾರು ಎಂಬತ್ತು ಪಾಳೆಗಾರರ ಹಲ್ಲು ಕಿತ್ತ. ದಂಡು ಚದುರಿತು, ಬೆಟ್ಟದ ಮೇಲಿನವರು ಬುಡಕ್ಕಿಳಿದರು. ಆದರೂ ಜರಿಮಲೆಯ ಹೆಸರು ವರ್ಷಕ್ಕೊಮ್ಮೆ ದೊಡ್ಡ ದನಿಯಲ್ಲಿ ಕೇಳುತ್ತದೆ. ಕೊಟ್ಟೂರು ತಾಲ್ಲೂಕಿನ ಉಜ್ಜಿನಿಯಲ್ಲಿ ಮರುಳಸಿದ್ಧೇಶ್ವರನ ತೇರು ಎಳೆದ ಮರುದಿನ ಗುಡಿಯ ಶಿಖರಕ್ಕೆ ಕೊಡಗಟ್ಟಲೆ ಎಣ್ಣೆ ಸುರಿಯುವ ತೈಲಾಭಿಷೇಕ ನಡೆಯುತ್ತದಲ್ಲ, ಅದಕ್ಕೆ ಮೊದಲ ಎಣ್ಣೆ ಬರುವುದು ಜರಿಮಲೆ ಪಾಳೆಗಾರರ ವಂಶದಿಂದ. ರಾಜ್ಯ ಹೋಯಿತು, ಎಣ್ಣೆಯ ಹಕ್ಕು ಉಳಿಯಿತು.

ಗೆಲ್ಲುವುದಕ್ಕೂ ಅಲ್ಲ, ಹರಕೆಗೂ ಅಲ್ಲ, ಸುಮ್ಮನೆ ತಂಪಿಗೆಂದು ಬೆಟ್ಟ ಏರಿದವರು ಈ ಕಡೆ ಕಾಣುವುದು ಆಮೇಲೆಯೇ. ಕೂಡ್ಲಿಗಿಯ ನೆರೆಯಲ್ಲಿ, ಅಂದಿನ ಸಂಡೂರು ಸಂಸ್ಥಾನಕ್ಕೆ ಸೇರಿದ್ದ, 3,256 ಅಡಿ ಎತ್ತರದ ರಾಮನದುರ್ಗವಿದೆ. 1840ರ ದಶಕದಲ್ಲಿ ಮದರಾಸು ಸರ್ಕಾರ ಸಂಡೂರಿನ ದೊರೆಯ ಒಪ್ಪಿಗೆ ಪಡೆದು ಅಲ್ಲಿ ಬಳ್ಳಾರಿ ದಂಡಿನ ಬಿಳಿ ಸಿಪಾಯಿಗಳಿಗೆ ಆರೋಗ್ಯಧಾಮ ಮಾಡಿತು. ಬಳ್ಳಾರಿಯ ಬಿಸಿಲಿಗೆ ಬಳಲಿದವರು ಮೇಲೆ ಬಂಗಲೆಗಳಲ್ಲಿದ್ದು ಬೆಳಗು ಸಂಜೆ ಅಡ್ಡಾಡಿ ಚೇತರಿಸಿಕೊಳ್ಳಬೇಕು, ಅಷ್ಟೆ. ಹಳೆಯ ಕೋಟೆಯ ಗೋಡೆ ಅವರಿಗೆ ಸಂಜೆಯ ನೋಟ ನೋಡುವ ಕಟ್ಟೆಯಾಯಿತು. ಅವರ ಬಂಗಲೆಗಳೂ ಪಾಳುಬಿದ್ದು ಆ ಸಾಲುಬೆಟ್ಟಗಳಲ್ಲಿ ಅದಿರಿನ ಲಾರಿಗಳು ಓಡಾಡತೊಡಗಿದ್ದು, 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕಿದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ಲಾರಿಗಳು ಬರುವ ಎಷ್ಟೋ ಮೊದಲೇ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಸುತ್ತಿಗೆ ಹಿಡಿದು ಈ ಜಿಲ್ಲೆಯ ಗುಡ್ಡಗಳನ್ನೆಲ್ಲ ತಿರುಗಿ 1895ರಲ್ಲಿ ಬಳ್ಳಾರಿಯ ಭೂರಚನೆಯ ಮೇಲೆ ದಪ್ಪ ಗ್ರಂಥ ಬರೆದ. ಸಂಬಳಕ್ಕಾಗಿ ಬೆಟ್ಟ ಹತ್ತಿದವರಲ್ಲಿ ಅವನಷ್ಟು ಖುಷಿಯಿಂದ ಹತ್ತಿದವರು ಕಡಿಮೆ.

‘ಚಾರಣ’ ಎಂದರೆ ಈಗಿನ ಕನ್ನಡಿಗರ ಕಣ್ಣಿಗೆ ಬರುವುದು ಮಲೆನಾಡು. 1987ರಲ್ಲಿ ರಾಷ್ಟ್ರೀಯ ಉದ್ಯಾನವಾದ ಕುದುರೆಮುಖದ ಶಿಖರ 1,894 ಮೀಟರ್. ಹತ್ತಿ ಇಳಿಯಲು ಇಡೀ ದಿನ, ಮಳೆಗಾಲವಾದರೆ ಕಾಲಿಗೆ ಇಂಬಳ. ನಮ್ಮ ಸೀಮೆಯ ಬೆಟ್ಟಗಳಲ್ಲಿ ಆ ಎತ್ತರವಿಲ್ಲ, ಆ ಹಸಿರೂ ಇಲ್ಲ. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೊರಟರೆ ಮೇಲೆ ಕೂತು ಕಟಕು ರೊಟ್ಟಿ, ಶೇಂಗಾ ಚಟ್ನಿ ತಿಂದು ಮಧ್ಯಾಹ್ನದೊಳಗೆ ಇಳಿದುಬಿಡಬಹುದು. ಸುಲಭ ಎಂದವರು ಬಿಸಿಲನ್ನು ಮಾತ್ರ ಲೆಕ್ಕಕ್ಕೆ ಹಿಡಿದಿರಬೇಕು. ಶಿವರಾತ್ರಿ ಕಳೆದ ಮೇಲೆ ಬಂಡೆ ಎಷ್ಟು ಬೇಗ ಕಾಯುತ್ತದೆಂದರೆ ಹತ್ತು ಗಂಟೆಗೇ ಕೈಯೂರಲು ಆಗದು. ದೀಪಾವಳಿಯಿಂದ ಭರತ ಹುಣ್ಣಿಮೆಯವರೆಗಿನ ಕಾಲವೇ ವಾಸಿ. ಜನರು ಹರಕೆಯ ನೆಪದಲ್ಲಿ ಆ ಹಂಗಾಮನ್ನೇ ಹಿಡಿದುಕೊಂಡದ್ದು ಸುಮ್ಮನೆ ಇರಲಾರದು.

ಗುಡೇಕೋಟೆಗೆ ಹೋಗುವವರು ಇನ್ನೊಂದು ಮಾತನ್ನೂ ತಿಳಿದಿರಬೇಕು. ಪಾಳೆಗಾರರು ಬಿಟ್ಟುಹೋದ ಗುಂಡುಗಳ ಸಂದಿಯಲ್ಲಿ ಈಗ ಕರಡಿಗಳ ಸಂಸಾರ. ಸಂಡೂರು, ಹೊಸಪೇಟೆ ಮಗ್ಗುಲಿನ ದರೋಜಿಯಲ್ಲಿ 1994ರಲ್ಲಿ ಕರಡಿಧಾಮ ಆಯಿತು. 2013ರಲ್ಲಿ ಗುಡೇಕೋಟೆಯೂ ಕರಡಿಧಾಮವಾಗಿ ಘೋಷಣೆಯಾಗಿ, ಮುಂದೆ ಅದರ ವ್ಯಾಪ್ತಿ ಹಿಗ್ಗಿತು. ಒಂದು ಕಾಲಕ್ಕೆ ಇದೇ ಕರಡಿಗೆ ಮೂಗುದಾರ ಹಾಕಿ ಊರೂರು ಕುಣಿಸುತ್ತಿದ್ದರು, ಅದರ ಕೂದಲನ್ನು ತಾಯತಕ್ಕೆ ಮಾರುತ್ತಿದ್ದರು. ದೇಶದ ಕೊನೆಯ ಕುಣಿವ ಕರಡಿ ಬನ್ನೇರುಘಟ್ಟದ ಆಶ್ರಯಕ್ಕೆ ಸೇರಿದ್ದು 2009ರ ಡಿಸೆಂಬರಿನಲ್ಲಿ.

ಹಗಲೆಲ್ಲ ಬಂಡೆಯ ತಂಪಿನಲ್ಲಿ ಮಲಗುವ ಕರಡಿ ಹೊತ್ತು ಮುಳುಗುವ ಹೊತ್ತಿಗೆ ಹೊರಬೀಳುತ್ತದೆ. ದಾರಿಯ ಪಕ್ಕದ ಹುತ್ತ ಬುಡದವರೆಗೂ ಬಗೆದು ಹಸಿ ಮಣ್ಣು ಚೆಲ್ಲಿದ್ದರೆ ಅದು ಹಿಂದಿನ ರಾತ್ರಿಯ ಕೆಲಸ. ಉದ್ದ ಉಗುರಿನಿಂದ ಹುತ್ತ ಒಡೆದು, ಮೂತಿ ಒಳಗಿಟ್ಟು, ಊದಿ ಧೂಳು ಹಾರಿಸಿ, ಗೆದ್ದಲನ್ನು ಸೊರ್ರೆಂದು ಹೀರುವ ಸದ್ದು ದೂರಕ್ಕೂ ಕೇಳುತ್ತದೆ. ಬಾರೆ, ಕಾರೆ ಹಣ್ಣಾಗುವ ಕಾಲದಲ್ಲಿ ಅದರ ಲದ್ದಿ ತುಂಬ ಬೀಜ. ಈ ಕುರುಚಲು ಕಾಡನ್ನು ಬಿತ್ತುವವರಲ್ಲಿ ಅದೂ ಒಂದು. ಕಣ್ಣು ಮಂದ, ಮೂಗು ಚುರುಕು. ತೀರ ಹತ್ತಿರ ಬರುವವರೆಗೂ ಮನುಷ್ಯನ ಸುಳಿವು ತಿಳಿಯದೆ, ತಿಳಿದೊಡನೆ ಗಾಬರಿಯಿಂದ ಮೇಲೆ ಬೀಳುವುದೇ ಹೆಚ್ಚು. ಹೊಲಕ್ಕೆ ನೀರು ಕಟ್ಟಲು ನಸುಕಿನಲ್ಲಿ ಹೋಗುವ ಈ ಕಡೆಯ ರೈತರು ದಾರಿಯುದ್ದಕ್ಕೂ ಜೋರಾಗಿ ಮಾತಾಡುತ್ತಲೋ ಕೆಮ್ಮುತ್ತಲೋ ಹೋಗುವುದು ಅದಕ್ಕೇ.

ಆದ್ದರಿಂದ ಊರಿನ ಮಗ್ಗುಲ ಕೋಟೆ ನೋಡುವುದು ಬೇರೆ, ಕರಡಿಧಾಮದ ಒಳಗೆ ಕಾಲಿಡುವುದು ಬೇರೆ. ಎರಡನೆಯದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ಕೋಟೆಗೂ ಊರವರೊಬ್ಬರನ್ನು ಜೊತೆಗೆ ಕರೆದುಕೊಳ್ಳುವುದು ಲೇಸು. ಯಾವ ಸಂದಿ ಬಾಗಿಲಿಗೆ ಹೋಗುತ್ತದೆ, ಯಾವುದು ಕರಡಿಯ ಗವಿಗೆ ಹೋಗುತ್ತದೆ ಎಂಬುದು ಅವರಿಗೆ ಗೊತ್ತು. ಬೆಳಿಗ್ಗೆ ಏಳರ ಮೇಲೆ ಏರಿ, ಸಂಜೆ ಐದರೊಳಗೆ ಕೆಳಗಿಳಿದು ರಸ್ತೆ ಸೇರಿರಬೇಕು. ನೀರನ್ನು ಬುಡದಲ್ಲೇ ತುಂಬಿಸಿಕೊಳ್ಳಬೇಕು, ದೊಣೆಯ ನೀರು ಈಗ ಕುಡಿಯಲು ಆಗದು.