ಪುಕ್ಕಟೆ ಕೃಪೆಯ ಲೆಕ್ಕಪತ್ರ

ಗುಟೆನ್‌ಬರ್ಗ್ ಎಂದ ಕೂಡಲೇ ನಮಗೆಲ್ಲ ನೆನಪಾಗುವುದು ಅವನು ಅಚ್ಚು ಹಾಕಿದ ಬೈಬಲ್. ಆದರೆ ಯೂರೋಪಿನಲ್ಲಿ ಅಚ್ಚುಮೊಳೆಯಿಂದ ಮುದ್ರಣವಾಗಿ, ತಾರೀಖಿನ ಸಮೇತ ಉಳಿದುಬಂದಿರುವ ಅತಿ ಹಳೆಯ ಮುದ್ರಣ ಬೈಬಲ್ ಅಲ್ಲ, ಅದೊಂದು ಫಾರ್ಮ್. 1454ರಲ್ಲಿ ಜರ್ಮನಿಯ ಮೈನ್ಜ್ ಊರಿನಲ್ಲಿ ಅಚ್ಚಾದ ಒಂದೇ ಹಾಳೆ. ಒಕ್ಕಣೆಯೆಲ್ಲ ಮೊದಲೇ ಮುದ್ರಣವಾಗಿದೆ, ಹೆಸರು ಮತ್ತು ತಾರೀಖು ತುಂಬಲು ಮಾತ್ರ ಜಾಗ ಖಾಲಿ ಬಿಟ್ಟಿದೆ. ತುರ್ಕರಿಂದ ಸೈಪ್ರಸ್ ದ್ವೀಪವನ್ನು ಕಾಪಾಡಲು ಹಣ ಕೊಟ್ಟವರಿಗೆ ಸಿಗುತ್ತಿದ್ದ ಪಾಪವಿಮೋಚನಾ ಪತ್ರ ಅದು. ಉದ್ಯೋಗದಲ್ಲಿ ನೂರಾರು ಟೆಂಪ್ಲೇಟು ಮಾಡಿಸಿರುವ ನನಗೆ ಆ ಖಾಲಿ ಜಾಗ ಕಂಡಾಗ ನಗು ಬಂತು. ಆಮೇಲೆ ಒಂದು ಪ್ರಶ್ನೆ ಉಳಿಯಿತು. ರಕ್ಷಣೆಯನ್ನು ಯಾರೂ ಸಂಪಾದಿಸಲಾಗದು, ಅದು ದೇವರ ಪುಕ್ಕಟೆ ವರ ಎಂದು ಸಾರುತ್ತ ಹುಟ್ಟಿದ ಧರ್ಮ ಇಂಥ ಫಾರ್ಮಿನ ತನಕ ಬಂದದ್ದು ಹೇಗೆ?

ನಾನು ಕ್ರೈಸ್ತನಲ್ಲ, ದೇವಶಾಸ್ತ್ರ ಕಲಿತವನೂ ಅಲ್ಲ. ಇತಿಹಾಸದ ಪುಸ್ತಕಗಳನ್ನು ಓದುವ ಚಟ ಇದೆ, ಅಷ್ಟೆ. ಈ ಪ್ರಶ್ನೆಯ ಬೆನ್ನು ಹತ್ತಿದಾಗ ಕಂಡದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಕನ್ನಡ ಬೈಬಲ್ಲಿನಲ್ಲಿ 'ಕೃಪೆ' ಎಂದಿರುವ ಕಡೆ ಗ್ರೀಕ್ ಮೂಲದಲ್ಲಿರುವ ಪದ 'ಖಾರಿಸ್'. ಅದನ್ನು ತನ್ನ ಬರಹದ ನಡುಮನೆಯಲ್ಲಿ ಕೂರಿಸಿದವನು ಪೌಲ. ಕ್ರೈಸ್ತರನ್ನು ಹುಡುಕಿ ಹಿಂಸಿಸುತ್ತಿದ್ದವನೇ ಮುಂದೆ ಅವರ ದೊಡ್ಡ ಪ್ರಚಾರಕನಾದ. ತನಗೆ ಸಿಕ್ಕಿದ್ದಕ್ಕೆ ತಾನು ಕಿಂಚಿತ್ತೂ ಅರ್ಹನಲ್ಲ ಎನ್ನುವುದು ಅವನಿಗೆ ಸಿದ್ಧಾಂತ ಮಾತ್ರವಲ್ಲ, ಸ್ವಂತ ಬದುಕಿನ ವರದಿಯೂ ಹೌದು. ರೋಮಿನವರಿಗೆ, ಗಲಾತ್ಯದವರಿಗೆ ಬರೆದ ಪತ್ರಗಳಲ್ಲಿ ಅವನ ವಾದ ಇದೇ: ನಿಯಮ ಪಾಲಿಸಿ ಯಾರೂ ದೇವರ ಮುಂದೆ ನೀತಿವಂತರಾಗುವುದಿಲ್ಲ, ನಂಬಿದವನಿಗೆ ಅದು ದಾನವಾಗಿ ಬರುತ್ತದೆ, ಕೂಲಿಯಾಗಿ ಅಲ್ಲ.

ಸುಮಾರು ಮೂರೂವರೆ ಶತಮಾನ ಕಳೆದ ಮೇಲೆ ಬ್ರಿಟನ್ ಮೂಲದ ಸನ್ಯಾಸಿ ಪೆಲಾಜಿಯಸ್ ಇದರಲ್ಲಿ ಅಪಾಯ ಕಂಡ. ಎಲ್ಲವೂ ದೇವರ ಕೃಪೆ ಎಂದರೆ ಮನುಷ್ಯ ಸೋಮಾರಿಯಾಗುತ್ತಾನೆ, ಒಳ್ಳೆಯವನಾಗುವ ಶಕ್ತಿ ಅವನಲ್ಲೇ ಇದೆ ಎಂದು ವಾದಿಸಿದ. ಇಂದಿನ ಅಲ್ಜೀರಿಯಾದಲ್ಲಿದ್ದ ಹಿಪ್ಪೋ ಪಟ್ಟಣದ ಬಿಷಪ್ ಅಗಸ್ಟೀನ್ ಒಪ್ಪಲಿಲ್ಲ. ಒಳ್ಳೆಯದನ್ನು ಬಯಸುವ ಮನಸ್ಸೇ ಮುರಿದುಹೋಗಿದೆ, ಆ ಬಯಕೆಯನ್ನೂ ದೇವರೇ ಕೊಡಬೇಕು ಎಂಬುದು ಅವನ ನಿಲುವು. 418ರ ಕಾರ್ಥೇಜ್ ಸಭೆ ಪೆಲಾಜಿಯಸ್‌ನ ಮತವನ್ನು ತಿರಸ್ಕರಿಸಿತು. ಶ್ರೀವೈಷ್ಣವರ ಮರ್ಕಟ ನ್ಯಾಯ, ಮಾರ್ಜಾಲ ನ್ಯಾಯಗಳನ್ನು ಬಲ್ಲವರಿಗೆ ಈ ಜಗಳ ತೀರಾ ಹೊಸದಲ್ಲ. ಕೋತಿಮರಿ ತಾನೇ ತಾಯಿಯನ್ನು ಬಿಗಿಯಾಗಿ ಹಿಡಿದಿರಬೇಕು. ಬೆಕ್ಕಿನ ಮರಿಯನ್ನು ತಾಯಿಯೇ ಕಚ್ಚಿಕೊಂಡು ಹೋಗುತ್ತದೆ. ಎರಡೂ ಕಡೆಯ ಹಿನ್ನೆಲೆ ಬೇರೆ, ದೇವರ ಕಲ್ಪನೆ ಬೇರೆ. ಆದರೆ ಪ್ರಶ್ನೆ ಒಂದೇ: ಹಿಡಿಯುವ ಕೈ ಯಾರದು?

ಅಗಸ್ಟೀನ್ ಗೆದ್ದ. ಆದರೂ ಲೆಕ್ಕದ ಪುಸ್ತಕ ಬೆಳೆಯುತ್ತಲೇ ಹೋಯಿತು, ಅದೂ ಒಂದೊಂದೇ ಸಮಂಜಸವಾದ ಹೆಜ್ಜೆಯಾಗಿ. ಪಾಪನಿವೇದನೆ ಮಾಡಿದವನಿಗೆ ದೇವರ ಕ್ಷಮೆ ಸಿಗುತ್ತದೆ. ಆದರೆ ಮಾಡಿದ್ದಕ್ಕೆ ಒಂದಿಷ್ಟು ದಂಡ ಬಾಕಿ ಇರುತ್ತದೆ. ಅದನ್ನು ಉಪವಾಸ, ಯಾತ್ರೆ, ದಾನಗಳಿಂದ ತೀರಿಸಬೇಕು. ತೀರದೆ ಉಳಿದದ್ದನ್ನು ಸತ್ತ ಮೇಲೆ ಶುದ್ಧೀಕರಣ ಸ್ಥಳದಲ್ಲಿ ಅನುಭವಿಸಬೇಕು. 1095ರಲ್ಲಿ ಪೋಪ್ ಎರಡನೇ ಅರ್ಬನ್ ಧರ್ಮಯುದ್ಧಕ್ಕೆ ಹೊರಟವರಿಗೆ ಈ ದಂಡ ಮಾಫಿ ಮಾಡಿದ. 1343ರಲ್ಲಿ ಆರನೇ ಕ್ಲೆಮೆಂಟ್, ಕ್ರಿಸ್ತ ಮತ್ತು ಸಂತರ ಪುಣ್ಯದ ಬೊಕ್ಕಸ ಚರ್ಚಿನ ಬಳಿ ಇದೆ, ಅದರಿಂದ ಬೇರೆಯವರ ಬಾಕಿ ತುಂಬಬಹುದು ಎಂದು ಅಧಿಕೃತವಾಗಿ ಹೇಳಿದ. 1476ರಲ್ಲಿ ನಾಲ್ಕನೇ ಸಿಕ್ಸ್ಟಸ್ ಈ ಸೌಲಭ್ಯವನ್ನು ಸತ್ತವರಿಗೂ ವಿಸ್ತರಿಸಿದ. ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎಂದು ನಾವು ಗಾದೆ ಹೇಳುತ್ತೇವೆ. ಇಲ್ಲಿ ಜನ ಅಪ್ಪನಿಗಾಗಿ ದುಡ್ಡು ಕೊಡತೊಡಗಿದರು. ಅದರಲ್ಲಿ ಮೂಢತನಕ್ಕಿಂತ ಹೆಚ್ಚಾಗಿ ನನಗೆ ಕಾಣುವುದು ಪ್ರೀತಿ. ಸತ್ತ ತಾಯಿ ಬೆಂಕಿಯಲ್ಲಿದ್ದಾಳೆ ಎಂದು ನಂಬಿದ ಮಗ ಕೈಯಲ್ಲಿದ್ದ ಕಾಸನ್ನು ಹೇಗೆ ಬಿಗಿಹಿಡಿದಾನು?

ಆ ಪ್ರೀತಿಯ ಮೇಲೆ 1514ರಲ್ಲಿ ಒಂದು ದೊಡ್ಡ ವ್ಯವಹಾರ ಕಟ್ಟಲಾಯಿತು. ಬ್ರಾಂಡೆನ್‌ಬರ್ಗಿನ ಆಲ್ಬ್ರೆಕ್ಟ್‌ಗೆ ಆಗ 24 ವರ್ಷ. ಚರ್ಚಿನ ಕಾನೂನಿನಂತೆ ಬಿಷಪ್ ಆಗಲು 30 ತುಂಬಿರಬೇಕು, ಒಬ್ಬನಿಗೆ ಒಂದೇ ಪೀಠ. ಮಾಗ್ಡೆಬರ್ಗಿನ ಆರ್ಚ್‌ಬಿಷಪ್ ಆಗಿದ್ದ ಅವನಿಗೆ ಮೈನ್ಜ್ ಪೀಠವೂ ಬೇಕಿತ್ತು. ರೋಮಿಗೆ ಕಟ್ಟಬೇಕಾದ ಭಾರಿ ಶುಲ್ಕಕ್ಕೆ ಆಗ್ಸ್‌ಬರ್ಗಿನ ಬ್ಯಾಂಕರ್ ಯಾಕೋಬ್ ಫುಗ್ಗರ್ ಸಾಲ ಕೊಟ್ಟ. ಸಾಲ ತೀರಿಸುವ ದಾರಿಯೂ ಸಿದ್ಧವಾಯಿತು. ರೋಮಿನ ಸಂತ ಪೀಟರ್ ಬಸಿಲಿಕಾ ಕಟ್ಟಡಕ್ಕೆಂದು ಆಲ್ಬ್ರೆಕ್ಟ್‌ನ ಸೀಮೆಯಲ್ಲಿ ಪಾಪವಿಮೋಚನಾ ಪತ್ರ ಮಾರುವುದು. ಬಂದ ಹಣದಲ್ಲಿ ಅರ್ಧ ಬಸಿಲಿಕಾಕ್ಕೆ, ಅರ್ಧ ಫುಗ್ಗರ್ ಸಾಲಕ್ಕೆ. ಮಾರಾಟದ ಹೊಣೆ ಯೋಹಾನ್ ಟೆಟ್ಸೆಲ್ ಎಂಬ ಡೊಮಿನಿಕನ್ ಸನ್ಯಾಸಿಯದು. ಅಂತಸ್ತಿಗೆ ತಕ್ಕ ದರಪಟ್ಟಿ ಇತ್ತು: ರಾಜ, ರಾಣಿ, ಬಿಷಪ್ಪರಿಗೆ 25 ಚಿನ್ನದ ಗಿಲ್ಡರ್, ಅಲ್ಲಿಂದ ಕೆಳಗೆ ಇಳಿಯುತ್ತ ಹೋಗುತ್ತದೆ. ಏನೂ ಇಲ್ಲದ ಬಡವರು ಹಣದ ಬದಲು ಪ್ರಾರ್ಥನೆ, ಉಪವಾಸ ಮಾಡಿದರೆ ಸಾಕು ಎಂಬ ಸಾಲೂ ಅದೇ ಸೂಚನೆಯಲ್ಲಿತ್ತು. ಈ ಪಟ್ಟಿಯನ್ನು ಬರೆದವರು ರಾಕ್ಷಸರೇನಲ್ಲ. ಉಚಿತವಾದದ್ದನ್ನು ನ್ಯಾಯವಾಗಿ ಹಂಚುತ್ತಿದ್ದೇವೆ ಎಂದೇ ಅವರಲ್ಲಿ ಹಲವರು ನಂಬಿದ್ದಿರಬೇಕು.

ಸ್ಯಾಕ್ಸನಿಯ ದೊರೆ ಫ್ರೆಡರಿಕ್ ತನ್ನ ಸೀಮೆಯಲ್ಲಿ ಟೆಟ್ಸೆಲ್‌ಗೆ ಪ್ರವೇಶ ಕೊಡಲಿಲ್ಲ. ಕಾರಣ ಕೃಪೆಯ ಸಿದ್ಧಾಂತವಲ್ಲ. ಅವನದೇ ವಿಟೆನ್‌ಬರ್ಗ್ ಚರ್ಚಿನಲ್ಲಿ ಸಂತರ ಅವಶೇಷಗಳ ದೊಡ್ಡ ಸಂಗ್ರಹವಿತ್ತು. 1520ರ ಹೊತ್ತಿಗೆ ಅವು 19 ಸಾವಿರ ದಾಟಿದ್ದವು. ಅವುಗಳ ದರ್ಶನಕ್ಕೂ ದಂಡದ ಅವಧಿಯಲ್ಲಿ ರಿಯಾಯಿತಿ ಇತ್ತು. ಆದರೆ ಊರಿನ ಜನ ಗಡಿ ದಾಟಿ ಯೂಟರ್‌ಬೋಗ್‌ಗೆ ಹೋಗಿ ಪತ್ರ ತರತೊಡಗಿದರು. ಅವರ ಪಾಪನಿವೇದನೆ ಕೇಳುತ್ತಿದ್ದ ಪ್ರಾಧ್ಯಾಪಕ ಮಾರ್ಟಿನ್ ಲೂಥರ್ ಕೆರಳಿದ.

ಲೂಥರ್‌ಗೆ ಈ ಲೆಕ್ಕದ ಸುಸ್ತು ಸ್ವಂತದ್ದು. ಮಠದಲ್ಲಿ ಗಂಟೆಗಟ್ಟಲೆ ಪಾಪನಿವೇದನೆ ಮಾಡಿ, ಹೊರಬಂದ ಮೇಲೆ ಮರೆತದ್ದೇನಾದರೂ ನೆನಪಾಗಿ ನಡುಗುತ್ತಿದ್ದವನು. ಯುವಕನಾಗಿ ರೋಮಿಗೆ ಹೋದಾಗ ಅಜ್ಜನ ಆತ್ಮಕ್ಕಾಗಿ ಪವಿತ್ರ ಮೆಟ್ಟಿಲುಗಳನ್ನು ಹತ್ತಿದ. ತುದಿ ತಲುಪಿದಾಗ ಇದೆಲ್ಲ ನಿಜವೋ ಏನೋ ಎಂಬ ಅನುಮಾನ ಬಂತೆಂದು ಮುಂದೆ ಹೇಳಿಕೊಂಡ. ಎಷ್ಟು ಮಾಡಿದರೆ ಸಾಕು ಎಂಬುದು ತಿಳಿಯದಿರುವುದೇ ಅವನ ನರಕವಾಗಿತ್ತು. ಪೌಲನ ಪತ್ರ ಓದುತ್ತ ಅವನಿಗೆ ಹೊಳೆದದ್ದು, ದೇವರ ನೀತಿ ಎಂದರೆ ನಮ್ಮನ್ನು ತೂಗುವ ತಕ್ಕಡಿಯಲ್ಲ, ನಮಗೆ ಹೊದಿಸುವ ಬಟ್ಟೆ ಎಂಬ ಅರ್ಥ. 1517ರ ಅಕ್ಟೋಬರ್ 31ರಂದು ತನ್ನ 95 ವಾದಾಂಶಗಳನ್ನು ಕಳಿಸಿದ್ದು ಇದೇ ಆಲ್ಬ್ರೆಕ್ಟ್‌ಗೆ. ಸಾಲದ ಒಳಒಪ್ಪಂದ ಆಗ ಲೂಥರ್‌ಗೆ ಗೊತ್ತಿರಲಿಲ್ಲ. ಚರ್ಚಿನ ಬಾಗಿಲಿಗೆ ಮೊಳೆ ಹೊಡೆದನೋ ಇಲ್ಲವೋ ಎಂದು ಇತಿಹಾಸಕಾರರು ಇನ್ನೂ ವಾದಿಸುತ್ತಾರೆ. ಆ ವಾದಾಂಶಗಳಲ್ಲಿ ಜನಸಾಮಾನ್ಯರ ಬಾಯಿಂದ ಬಂದದ್ದೆಂದು ಅವನು ಹೇಳುವ ಒಂದು ಪ್ರಶ್ನೆ ಇದೆ: ಪೋಪ್ ಹಣಕ್ಕಾಗಿ ಆತ್ಮಗಳನ್ನು ಬಿಡಿಸಬಲ್ಲನಾದರೆ, ಪ್ರೀತಿಗಾಗಿ ಎಲ್ಲರನ್ನೂ ಒಮ್ಮೆಗೇ ಏಕೆ ಬಿಡಿಸಬಾರದು? ಅರವತ್ತಮೂರು ವರ್ಷದ ಹಿಂದೆ ಫಾರ್ಮ್ ಹೊರಡಿಸಿದ ತಂತ್ರಜ್ಞಾನವೇ ಈ ಪ್ರಶ್ನೆಯನ್ನು ಕೆಲವೇ ವಾರಗಳಲ್ಲಿ ಜರ್ಮನಿಯ ತುಂಬ ಹರಡಿತು.

ಕ್ಯಾಥೊಲಿಕ್ ಚರ್ಚಿಗೆ ಅನ್ಯಾಯವಾಗಬಾರದು. ರಕ್ಷಣೆಯನ್ನು ಕೊಳ್ಳಬಹುದೆಂದು ಅದರ ಅಧಿಕೃತ ಬೋಧನೆ ಎಂದೂ ಹೇಳಿರಲಿಲ್ಲ. 1547ರಲ್ಲಿ ಟ್ರೆಂಟ್ ಸಭೆಯೂ ಕೃಪೆಯೇ ಮೊದಲು ಎಂದಿತು. ಆದರೆ ಮನುಷ್ಯ ಅದಕ್ಕೆ ಓಗೊಟ್ಟು ಸಹಕರಿಸಬೇಕು ಎಂದು ಸೇರಿಸಿತು. 1567ರಲ್ಲಿ ಪೋಪ್ ಐದನೇ ಪಿಯಸ್ ಹಣಕ್ಕೆ ಅಂಟಿಕೊಂಡಿದ್ದ ಪಾಪವಿಮೋಚನೆಗಳನ್ನೆಲ್ಲ ರದ್ದು ಮಾಡಿದ.

ಪುಣೆಯ ಆಫೀಸಿನಲ್ಲಿ ಚಹಾ ಕುಡಿಯುತ್ತ ಈ ಕತೆ ಹೇಳಿದಾಗ ಗೆಳೆಯನೊಬ್ಬ ಕೇಳಿದ: "ಎಲ್ಲ ಪುಕ್ಕಟೆಯಾದರೆ ಒಳ್ಳೆಯವನಾಗಿ ಇರುವುದು ಯಾಕೆ?" ಈ ಆಕ್ಷೇಪವನ್ನು ಪೌಲನೇ ರೋಮಿನವರ ಪತ್ರದಲ್ಲಿ ಎತ್ತಿ ಉತ್ತರಿಸಿದ್ದಾನೆ. 1520ರಲ್ಲಿ ಲೂಥರ್ ಕೊಟ್ಟ ಉತ್ತರ ನನಗೆ ಹೆಚ್ಚು ಹಿಡಿಸಿದ್ದು. ದೇವರಿಗೆ ನಿನ್ನ ಸತ್ಕಾರ್ಯ ಬೇಕಾಗಿಲ್ಲ, ನೆರೆಯವನಿಗೆ ಬೇಕು. ನಿನ್ನ ಲೆಕ್ಕ ಆಗಲೇ ಚುಕ್ತಾ ಆಗಿರುವುದರಿಂದ, ಇನ್ನು ಮೇಲೆ ನೆರೆಯವನನ್ನು ನಿನ್ನ ಪುಣ್ಯದ ಸಾಧನವಾಗಿ ನೋಡುವ ಅಗತ್ಯವಿಲ್ಲ.

ಇದು ನನ್ನನ್ನು ತಟ್ಟಲು ಕಾರಣವಿದೆ. ಊರು ಬಿಟ್ಟು ಬಂದ ನಮ್ಮಲ್ಲಿ ಬಹುಪಾಲು ಜನ ಅಂಕಗಳ ಮೇಲೆ ಸವಾರಿ ಮಾಡಿ ಬಂದವರು: ಪಿಯುಸಿ, ಸಿಇಟಿ, ಗೇಟ್, ಆಮೇಲೆ ವರ್ಷವರ್ಷದ ರೇಟಿಂಗ್. ಪ್ರತಿ ಮಾರ್ಚಿನಲ್ಲಿ ತಂಡದವರಿಗೆ ಅಂಕಿ ಹಾಕುವುದು ನನ್ನ ಕೆಲಸ. ನನಗೂ ಯಾರೋ ಹಾಕುತ್ತಾರೆ. ಅಂಕಿ ಬೇಡ ಎನ್ನಲಾರೆ, ಕೆಲಸ ನಡೆಯಬೇಕಲ್ಲ. ಆದರೆ ಅಂಕಿ ಕಡಿಮೆ ಬಂದ ಹುಡುಗ ಹಾಸ್ಟೆಲಿಗೆ ಹೋಗಿ ಬಾಗಿಲು ಹಾಕಿಕೊಂಡರೆ, ಅವನಿಗೆ ಹೇಳಬೇಕಾದ ಮಾತು ಯಾವ ರೇಟಿಂಗಿನಲ್ಲೂ ಇಲ್ಲ. ಅರ್ಹತೆಗಿಂತ ಮೊದಲೇ ಮನುಷ್ಯನನ್ನು ಒಪ್ಪಿಕೊಳ್ಳುವ ಒಂದು ಜಾಗ ಇರಬೇಕು ಎಂಬುದು ದೇವರನ್ನು ನಂಬುವವರಿಗೆ ಮಾತ್ರ ಬೇಕಾದ ವಿಚಾರವಲ್ಲ.

ನಾಲ್ಕು ಶತಮಾನ ಪರಸ್ಪರ ಶಪಿಸಿದ ಎರಡು ಪಂಗಡಗಳು 1999ರ ಅಕ್ಟೋಬರ್ 31ರಂದು ಜಂಟಿ ಘೋಷಣೆಗೆ ಸಹಿ ಹಾಕಿದವು: ದೇವರು ನಮ್ಮನ್ನು ಸ್ವೀಕರಿಸುವುದು ಕೇವಲ ಕೃಪೆಯಿಂದ, ನಮ್ಮ ಯೋಗ್ಯತೆಯಿಂದಲ್ಲ ಎಂಬುದರಲ್ಲಿ ಇಬ್ಬರಿಗೂ ಒಮ್ಮತವಿದೆ. ಸಹಿ ನಡೆದದ್ದು ಆಗ್ಸ್‌ಬರ್ಗಿನ ಸಂತ ಆನಾ ಚರ್ಚಿನಲ್ಲಿ. 1518ರ ವಿಚಾರಣೆಗೆ ಬಂದಾಗ ಲೂಥರ್ ಉಳಿದುಕೊಂಡಿದ್ದ ಮಠ ಅದೇ. ಯಾಕೋಬ್ ಫುಗ್ಗರ್‌ನ ಸಮಾಧಿ ಇರುವುದೂ ಅಲ್ಲೇ.

ಅದೇ ಊರಿನಲ್ಲಿ ಫುಗ್ಗರ್ ಬಡವರಿಗಾಗಿ ಕಟ್ಟಿಸಿದ ಕೇರಿ ಇದೆ, ಹೆಸರು ಫುಗ್ಗರೈ. ಅದರ ದಾನಪತ್ರ 1521ರದ್ದು. ಇಂದಿಗೂ ಅಲ್ಲಿ ಜನ ವಾಸವಾಗಿದ್ದಾರೆ. ವರ್ಷದ ಬಾಡಿಗೆ ಹಳೆಯ ಒಂದು ಗಿಲ್ಡರಿಗೆ ಸಮನಾದ 88 ಸೆಂಟ್, ಅಂದರೆ ಒಂದು ಯೂರೋಗಿಂತ ಕಡಿಮೆ. ಜೊತೆಗೆ ಒಂದು ಷರತ್ತು: ಮನೆ ಕೊಟ್ಟವನ ಮನೆತನದ ಆತ್ಮಗಳಿಗಾಗಿ ದಿನಕ್ಕೆ ಮೂರು ಪ್ರಾರ್ಥನೆ. ಹತ್ತಿರಹತ್ತಿರ ಪುಕ್ಕಟೆ.